ಬೀದಿಯಲ್ಲಿ ಮಲಗುವವರ ಜೊತೆ ಕೆಲಸ: ಯಾವ ತರಬೇತಿ ಯಾರಿಗೆ ಸರಿ?

ಈ ಬೇಸಿಗೆಯಲ್ಲಿ ಮೂರು ಕಡೆಯಿಂದ ಒಂದೇ ಪ್ರಶ್ನೆ ಬಂತು. ಸಾಗರದಲ್ಲಿ ಕಂಬಳಿ ಹಂಚುವ ಹುಡುಗರು ಕೇಳಿದರು. ಭದ್ರಾವತಿಯಲ್ಲಿ ರಾತ್ರಿ ಊಟ ಕೊಡುವ ಗೆಳತಿಯರು ಕೇಳಿದರು. ಶಿವಮೊಗ್ಗದಲ್ಲಿ ಮನೆಯಿಲ್ಲದವರ ಆಶ್ರಯ ಕೇಂದ್ರವೊಂದನ್ನು ನೋಡಿಕೊಳ್ಳುವ ಮೇಲ್ವಿಚಾರಕರೂ ಕೇಳಿದರು. "ನಮ್ಮವರಿಗೆ ತರಬೇತಿ ಕೊಡಿಸಬೇಕು ಅಕ್ಕ. ಒಂದು ದಿನದ್ದು ಸಾಕಾ, ಆನ್‌ಲೈನ್‌ನಲ್ಲಿ ಮಾಡಿಸೋಣವಾ, ಇಲ್ಲಾ ಅಲ್ಲಿನ ಸಂಸ್ಥೆ ನೋಡಿ ಕಲಿತು ಬರಲು ಚೆನ್ನೈಗೆ ಕಳಿಸಬೇಕಾ? ದುಡ್ಡು ಇರೋದು ಇಷ್ಟೇ." ಮೂವರಿಗೂ ಫೋನಿನಲ್ಲಿ ಅರ್ಧರ್ಧ ಹೇಳಿದೆ. ಪೂರ್ತಿ ಇಲ್ಲಿ ಬರೆಯುತ್ತಿದ್ದೇನೆ.

ನಾನು ವೈದ್ಯೆ ಅಲ್ಲ. ಹನ್ನೊಂದು ವರ್ಷದಿಂದ ವಾರಕ್ಕೆ ಎರಡು ರಾತ್ರಿ ಶಿವಮೊಗ್ಗದ ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್, ಗಾಂಧಿ ಬಜಾರಿನ ಅಂಗಡಿ ಜಗಲಿಗಳ ಕಡೆ ಸುತ್ತು ಹೋಗುವವಳು. ಇಷ್ಟು ವರ್ಷದಲ್ಲಿ ನಮ್ಮ ತಂಡ ಒಳ್ಳೆಯ ತರಬೇತಿಯನ್ನೂ ಕಂಡಿದೆ, ದಂಡವಾದ ತರಬೇತಿಯನ್ನೂ ಕಂಡಿದೆ.

ತರಬೇತಿ ಯಾಕೆ ಬೇಕು ಅನ್ನೋದು ನನಗೆ ಗೊತ್ತಾಗಿದ್ದು ಒಂದು ಗಂಟಿನಿಂದ. ನಾವು ಹೋಗಿ ಬರುತ್ತಿದ್ದ ಒಂದು ಆಶ್ರಯ ಕೇಂದ್ರದಲ್ಲಿ ಒಬ್ಬ ಅಜ್ಜಿ ಇದ್ದರು. ಅವರ ಬಳಿ ಹಳೇ ಸೀರೆಯಲ್ಲಿ ಕಟ್ಟಿದ ಗಂಟು. ಒಂದು ಬೆಳಗ್ಗೆ ನೆಲ ಒರೆಸುವಾಗ ಹೊಸದಾಗಿ ಸೇರಿದ್ದ ಹುಡುಗ ಅದನ್ನು ಕಸ ಅಂದುಕೊಂಡು ಗಾಡಿಗೆ ಹಾಕಿಬಿಟ್ಟ. ಅದರಲ್ಲಿ ಇದ್ದದ್ದು ಒಂದು ಬಾಚಣಿಗೆ, ಸ್ಟೀಲ್ ಲೋಟ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ರೇಷನ್ ಕಾರ್ಡಿನ ಜೆರಾಕ್ಸ್, ಮಗನ ಚಿಕ್ಕ ಫೋಟೋ. ಅಜ್ಜಿ ಕೂಗಾಡಲಿಲ್ಲ. ಸಂಜೆಯವರೆಗೆ ಬಾಗಿಲ ಹತ್ತಿರ ಕೂತಿದ್ದು, ಎದ್ದು ಹೋದರು. ಮತ್ತೆ ಬರಲಿಲ್ಲ. ಆ ಹುಡುಗ ಕೆಟ್ಟವನಲ್ಲ. ಆಮೇಲೆ ಎರಡು ದಿನ ಅವರನ್ನು ಹುಡುಕಿಕೊಂಡು ಊರೆಲ್ಲ ಸುತ್ತಿದ. ಗಂಟು ಅಂದರೆ ಅವರ ಮನೆ ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ಆಯ್ಕೆಗೆ ಮುಂಚೆ ಏನು ನೋಡಬೇಕು

ಮೊದಲು, ಕಲಿಯುವವರು ಯಾರು? ಕೇಂದ್ರ ಸರ್ಕಾರದ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯಲ್ಲಿ ಒಂದು ಲಕ್ಷ ಜನಸಂಖ್ಯೆಗೆ ಕಡಿಮೆ ಅಂದರೂ ನೂರು ಜನಕ್ಕೆ ಆಗುವಷ್ಟು ಆಶ್ರಯ ಇರಬೇಕು ಅಂತ ಇತ್ತು. 2011ರ ಜನಗಣತಿಯಲ್ಲಿ ಶಿವಮೊಗ್ಗ ನಗರದ ಜನಸಂಖ್ಯೆ 3.22 ಲಕ್ಷ. ಅಂದರೆ ಆವತ್ತಿನ ಲೆಕ್ಕಕ್ಕೇ ಮುನ್ನೂರು ಜನಕ್ಕೆ ಜಾಗ. ಅಷ್ಟು ಜನರನ್ನು ಮೂರು ಪಾಳಿಯಲ್ಲಿ ನೋಡಿಕೊಳ್ಳುವವರು ಕೇರ್‌ಟೇಕರ್‌ಗಳು. ಅವರಲ್ಲಿ ಹೆಚ್ಚಿನವರು ಎಸ್ಸೆಸ್ಸೆಲ್ಸಿ ಓದಿದವರು, ರಾತ್ರಿ ನಿದ್ದೆಗೆಟ್ಟು ದುಡಿಯುವವರು. ಕೇಂದ್ರದ ಹೊರಗೂ ಜನ ಇದ್ದಾರೆ. ಬೆಳಗಿನ ಆರಕ್ಕೆ ಪೌರಕಾರ್ಮಿಕರು, ಬಸ್ ಸ್ಟ್ಯಾಂಡಿನ ಕಂಟ್ರೋಲರ್, ಬೀಟ್ ಪೊಲೀಸರು, ಆಸ್ಪತ್ರೆಯ ಆಯಾ, ಇಂದಿರಾ ಕ್ಯಾಂಟೀನಿನಲ್ಲಿ ಟೋಕನ್ ಕೊಡುವವರು. ಮನೆಯಿಲ್ಲದವರು ಮೊದಲು ಕಾಣುವುದು ಇವರನ್ನೇ. ಮೇಲ್ವಿಚಾರಕರಿಗೆ ಸರಿಹೋಗುವ ತರಬೇತಿ ಇವರಿಗೆ ಸರಿಹೋಗಲ್ಲ.

ಎರಡನೆಯದು ಭಾಷೆ. ಬರೀ ಕನ್ನಡದಲ್ಲಿ ಇದ್ದರೆ ಸಾಲದು, ಆಡುವ ಕನ್ನಡದಲ್ಲಿ ಇರಬೇಕು. ಶಿವಮೊಗ್ಗ, ಭದ್ರಾವತಿಯಲ್ಲಿ ತಮಿಳು, ಉರ್ದು, ಲಂಬಾಣಿ ಮಾತಾಡುವವರೂ ಬೀದಿಯಲ್ಲಿದ್ದಾರೆ. ಆ ಭಾಷೆ ಬರುವ ಒಬ್ಬರಾದರೂ ಕಲಿಯುವವರಲ್ಲಿ ಇದ್ದಾರಾ ನೋಡಿ.

ಮೂರನೆಯದು, ಅಲ್ಲಿ ಮಾಡಿ ನೋಡುವುದಿದೆಯಾ, ಬರೀ ಕೇಳುವುದಾ? ಒಂದು ಸಲ ನಮ್ಮವರನ್ನು ಒಂದು ದೊಡ್ಡ ಹಾಲ್‌ಗೆ ಕರೆದುಕೊಂಡು ಹೋಗಿದ್ದೆ. ಪರದೆ ಮೇಲೆ ಇಂಗ್ಲಿಷ್ ಸ್ಲೈಡ್‌ಗಳು, ಬೆಳಗ್ಗೆ ಹತ್ತರಿಂದ ಐದರವರೆಗೆ ಮಾತು. ರಾತ್ರಿ ಪಾಳಿ ಮುಗಿಸಿ ನೇರ ಅಲ್ಲಿಗೆ ಬಂದಿದ್ದ ಕೇರ್‌ಟೇಕರ್ ಒಬ್ಬರು ಹನ್ನೊಂದಕ್ಕೆ ನಿದ್ದೆ ಹೋದರು. ಎಬ್ಬಿಸಲು ನನಗೆ ಮನಸ್ಸಾಗಲಿಲ್ಲ. ಸಂಜೆ ಅವರಿಗೂ ಪ್ರಮಾಣಪತ್ರ ಸಿಕ್ಕಿತು.

ನಾಲ್ಕನೆಯದು ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು. ತರಬೇತಿ ಮುಗಿದ ಮುಂದಿನ ತಿಂಗಳು ಏನು? ರಾತ್ರಿ ಹನ್ನೊಂದಕ್ಕೆ ಗೊಂದಲವಾದರೆ ಫೋನ್ ಎತ್ತುವವರು ಯಾರಾದರೂ ಇದ್ದಾರಾ? ಇಲ್ಲ ಅಂದರೆ ಎಷ್ಟು ಒಳ್ಳೆಯ ತರಬೇತಿಯಾದರೂ ಮೂರೇ ವಾರದಲ್ಲಿ ಆರಿ ಹೋಗುತ್ತದೆ.

ಐದನೆಯದು, ನಮ್ಮ ಜಾಗ ಅವರಿಗೆ ಗೊತ್ತಾ? ಮಲೆನಾಡಿನ ಜೂನ್ ತಿಂಗಳಲ್ಲಿ ಹೊರಗೆ ಮಲಗುವುದು ಅಂದರೆ ಏನು ಅಂತ ಬಯಲುಸೀಮೆಯ ತರಬೇತುದಾರರಿಗೆ ಹೇಳಿಕೊಡಬೇಕಾಗುತ್ತದೆ. ತಾಳಗುಪ್ಪ ರೈಲಿನ ಕೊನೆಯ ನಿಲ್ದಾಣ. ಎಲ್ಲಿ ಇಳಿಯಬೇಕು ಅಂತ ಗೊತ್ತಿಲ್ಲದೆ ಹತ್ತಿದವರು ಅಲ್ಲಿ ಇಳಿಯುತ್ತಾರೆ, ಯಾಕೆಂದರೆ ಮುಂದೆ ಹಳಿಯೇ ಇಲ್ಲ. ಅಡಿಕೆ ಕೊಯ್ಲಿಗೆ ಬಂದು, ಕಾಲು ಮುರಿದುಕೊಂಡು, ಊರಿಗೆ ಹೋಗಲಾರದೆ ಉಳಿದವರಿದ್ದಾರೆ. ಇಂಥ ಉದಾಹರಣೆಗಳು ತರಬೇತಿಯಲ್ಲಿ ಬರಬೇಕು.

ಕೊನೆಗೆ ದುಡ್ಡು. ಶುಲ್ಕ ಒಂದನ್ನೇ ಲೆಕ್ಕ ಹಾಕಬೇಡಿ. ಪಾಳಿ ಬಿಟ್ಟು ಬರುವವರ ಆ ದಿನದ ಕೂಲಿ, ಅವರ ಜಾಗದಲ್ಲಿ ನಿಲ್ಲುವವರ ಕೂಲಿ ಎರಡೂ ಖರ್ಚೇ. ನಾವು ಇದನ್ನು ಮರೆತಾಗೆಲ್ಲ ಬರಬೇಕಾದವರು ಬರದೆ, ಬಿಡುವಿದ್ದವರು ಬಂದಿದ್ದಾರೆ.

ಒಂದು ದಿನದ್ದು: ಮನಸ್ಸಿಗೆ ಪ್ರಥಮ ಚಿಕಿತ್ಸೆ

ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಒಂದು ಕೈಪಿಡಿ ಇದೆ, ಒಂದು ದಿನದಲ್ಲಿ ಕಲಿಸುವುದು ಅದನ್ನೇ. ಅದರ ತಿರುಳು ಮೂರೇ ಮಾತು: ನೋಡು, ಕೇಳು, ಜೋಡಿಸು. ಸುತ್ತ ಅಪಾಯ ಇದೆಯಾ, ಯಾರಿಗೆ ತುರ್ತಾಗಿ ಏನು ಬೇಕು ನೋಡು. ಹತ್ತಿರ ಹೋಗಿ, ಒತ್ತಾಯ ಮಾಡದೆ ಕೇಳು. ಬೇಕಾದ ಸೇವೆಗೆ, ಜನಕ್ಕೆ ಜೋಡಿಸು. ಪ್ರವಾಹ, ಭೂಕಂಪದಂಥ ಸಂಕಟಗಳಿಗೆ ಅಂತ ಮಾಡಿದ್ದು ಇದು. ಆದರೆ ಬೀದಿಗೆ ಬಿದ್ದ ಮೊದಲ ವಾರವೂ ಒಬ್ಬ ಮನುಷ್ಯನಿಗೆ ಪ್ರವಾಹವೇ ಅಲ್ವಾ.

ಇದರ ದೊಡ್ಡ ಗುಣ ಅಂದರೆ ಯಾರು ಬೇಕಾದರೂ ಕಲಿಯಬಹುದು. ಓದು ಬರಹ ಜಾಸ್ತಿ ಬೇಕಿಲ್ಲ. ನಾವು ಕಳೆದ ಸಲ ಹದಿನೈದು ಜನಕ್ಕೆ ಮಾಡಿದಾಗ ಊಟ, ಟೀ, ಜೆರಾಕ್ಸ್ ಸೇರಿ ಸುಮಾರು 6,000 ರೂಪಾಯಿ ಆಯಿತು. ಜಾಗ ಒಂದು ಸಮುದಾಯ ಭವನದವರು ಪುಕ್ಕಟೆ ಕೊಟ್ಟರು.

ಪೌರಕಾರ್ಮಿಕರೊಬ್ಬರಿಗೆ ಇದರಿಂದ ಏನಾಯಿತು ಹೇಳುತ್ತೇನೆ. ಮುಂಚೆ ಅವರು ಅಂಗಡಿ ಮುಂದೆ ಮಲಗಿದ್ದವರನ್ನು ಪೊರಕೆ ಹಿಡಿಯಿಂದ ತಟ್ಟಿ "ಏಯ್ ಎದ್ದೇಳೋ" ಅನ್ನುತ್ತಿದ್ದರು. ಈಗ ನಾಲ್ಕು ಹೆಜ್ಜೆ ದೂರ ನಿಂತು, "ಯಜಮಾನ್ರೇ, ಬೆಳಗಾಯ್ತು, ಇಲ್ಲಿ ಗುಡಿಸಬೇಕು" ಅನ್ನುತ್ತಾರೆ. ಎದ್ದವರು ಗಂಟು ಎತ್ತಿಕೊಳ್ಳುವ ತನಕ ಕಾಯುತ್ತಾರೆ. ನೋಡಲು ಇಷ್ಟೇ. ಆದರೆ ಈಗ ಯಾರಿಗಾದರೂ ಜ್ವರ ಬಂದಿದ್ದರೆ, ಯಾರಾದರೂ ಎರಡು ದಿನದಿಂದ ಎದ್ದಿಲ್ಲ ಅಂದರೆ ಮೊದಲು ಫೋನ್ ಬರುವುದು ಆ ಅಮ್ಮನಿಂದಲೇ.

ಮಿತಿಯೂ ಇದೆ. ವರ್ಷಗಟ್ಟಲೆ ಬೀದಿಯಲ್ಲಿರುವವರಿಗೆ, ಕುಡಿತ ಹತ್ತಿದವರಿಗೆ, ಕಿವಿಯಲ್ಲಿ ಮಾತು ಕೇಳಿಸುವವರಿಗೆ ಒಂದು ದಿನದ ಕಲಿಕೆ ಸಾಲುವುದಿಲ್ಲ. ಮೊದಲ ಮಾತು ಹೇಗೆ ಆಡಬೇಕು ಅನ್ನೋದನ್ನು ಇದು ಕಲಿಸುತ್ತದೆ. ಹತ್ತನೆಯ ಮಾತನ್ನು ಕಲಿಸುವುದಿಲ್ಲ.

ಆಸ್ಟ್ರೇಲಿಯಾದಲ್ಲಿ 2000ರಲ್ಲಿ ಶುರುವಾದ ಮಾನಸಿಕ ಆರೋಗ್ಯ ಪ್ರಥಮ ಚಿಕಿತ್ಸೆ ಅನ್ನೋ ಹನ್ನೆರಡು ಗಂಟೆಯ ಕೋರ್ಸ್ ಇದಕ್ಕಿಂತ ಒಂದು ಮೆಟ್ಟಿಲು ಮೇಲಿನದು. ಖಿನ್ನತೆ, ಆತಂಕ, ಸೈಕೋಸಿಸ್ (ಇಲ್ಲದ್ದು ಕಾಣಿಸುವ, ಕೇಳಿಸುವ ಸ್ಥಿತಿ), ವ್ಯಸನ ಎಲ್ಲವನ್ನೂ ಮುಟ್ಟುತ್ತದೆ. ಮೇಲ್ವಿಚಾರಕರಿಗೆ, ಕಾಲೇಜು ಓದಿದ ಸ್ವಯಂಸೇವಕರಿಗೆ ಚೆನ್ನ. ಕೇರ್‌ಟೇಕರ್‌ಗಳಿಗೆ ಕನ್ನಡದಲ್ಲಿ, ನಮ್ಮ ಊರಿನ ಉದಾಹರಣೆಗಳ ಜೊತೆ ಹೇಳುವವರು ಸಿಕ್ಕರೆ ಮಾತ್ರ ದುಡ್ಡು ಹಾಕಿ.

ಆನ್‌ಲೈನ್ ಕೋರ್ಸ್

ನಿಮ್ಹಾನ್ಸ್‌ನ ಡಿಜಿಟಲ್ ಅಕಾಡೆಮಿ ಹಲವು ವರ್ಷಗಳಿಂದ ಆರೋಗ್ಯ ಕಾರ್ಯಕರ್ತರಿಗೆ ಆನ್‌ಲೈನ್‌ನಲ್ಲಿ ಕಲಿಸುತ್ತಿದೆ. ಗುಣಮಟ್ಟದ ಬಗ್ಗೆ ಅನುಮಾನ ಬೇಡ. ಪ್ರಯಾಣವಿಲ್ಲ, ಖರ್ಚು ಕಡಿಮೆ, ಹೊಸನಗರದಲ್ಲಿ ಕೂತೂ ಕಲಿಯಬಹುದು. ಸಿಗ್ನಲ್ ಇದ್ದರೆ ಅನ್ನಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಎರಡು ದಿನ ಬರದ ಊರುಗಳು ನಮ್ಮಲ್ಲಿ ಇವತ್ತಿಗೂ ಇವೆ.

ನನ್ನ ಅನುಭವದಲ್ಲಿ ಆನ್‌ಲೈನ್ ಒಬ್ಬೊಬ್ಬರೇ ಕೂತು ನೋಡಿದರೆ ಉಳಿಯುವುದಿಲ್ಲ. ನಾಲ್ಕು ಜನ ಒಂದೇ ಫೋನ್ ಅಥವಾ ಟಿವಿ ಮುಂದೆ ಕೂತು, ಹತ್ತು ನಿಮಿಷ ನೋಡಿ, ನಿಲ್ಲಿಸಿ, "ನಮ್ಮಲ್ಲಿ ಮೊನ್ನೆ ಆಯ್ತಲ್ಲ, ಅದು ಇದೇನಾ?" ಅಂತ ಮಾತಾಡಿದರೆ ಉಳಿಯುತ್ತದೆ. ಮೇಲ್ವಿಚಾರಕರಿಗೆ, ನರ್ಸ್ ಓದಿದವರಿಗೆ, ಆಶಾ ಕಾರ್ಯಕರ್ತೆಯರಿಗೆ ಇದು ಒಳ್ಳೆಯ ಆಯ್ಕೆ. ರಾತ್ರಿ ಪಾಳಿಯವರಿಗೆ ಇದನ್ನೇ ಮೊದಲ ತರಬೇತಿ ಮಾಡಬೇಡಿ.

ಸರ್ಕಾರಿ ಆಸ್ಪತ್ರೆಯ ಜೊತೆ ಕೈ ಜೋಡಿಸುವುದು

ಇದನ್ನು ಜನ ತರಬೇತಿ ಅಂತಲೇ ಎಣಿಸುವುದಿಲ್ಲ. ನನಗೆ ಇದರ ಮೇಲೆ ತುಂಬಾ ನಂಬಿಕೆ.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು, ಸಮಾಜ ಕಾರ್ಯಕರ್ತರು, ನರ್ಸ್ ಇರುತ್ತಾರೆ. ಜನಕ್ಕೆ ತರಬೇತಿ ಕೊಡುವುದು ಅವರ ಕೆಲಸದ ಭಾಗವೇ. ಇಡೀ ದೇಶ ಅನುಸರಿಸಿದ ಈ ಕಾರ್ಯಕ್ರಮದ ಮಾದರಿ ರೂಪುಗೊಂಡಿದ್ದು 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿ. ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ. ಶಿವಮೊಗ್ಗದಲ್ಲಂತೂ ಮೆಗ್ಗಾನ್ ಬೋಧನಾ ಆಸ್ಪತ್ರೆಯೇ ಇದೆ. ಪತ್ರ ಬರೆದು, ಹೋಗಿ ಮಾತಾಡಿ, ಎರಡು ಗಂಟೆ ಕೇಳಿ ನೋಡಿ. ಖರ್ಚು ಅಂತ ಇದ್ದರೆ ಟೀ ಬಿಸ್ಕತ್ತಿನದು.

ಈ ಸೀಮೆಗೆ ಇದು ಹೊಸದೂ ಅಲ್ಲ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ 2005ರ ಸುಮಾರಿಗೆ ನಿಮ್ಹಾನ್ಸ್ ತಂಡ ಸ್ಕಿಜೋಫ್ರೇನಿಯಾ ಅನ್ನೋ ತೀವ್ರ ಮಾನಸಿಕ ಕಾಯಿಲೆ ಇರುವವರನ್ನು ಹಳ್ಳಿಗಳಲ್ಲಿ ಗುರುತಿಸಿ, ಅವರಿದ್ದ ಕಡೆಯೇ ಚಿಕಿತ್ಸೆ ಸಿಗುವಂತೆ ಮಾಡಿ, ವರ್ಷಗಟ್ಟಲೆ ಬೆನ್ನಿಗೆ ನಿಂತಿತು. ಶಿವಮೊಗ್ಗದ ಮನೋವೈದ್ಯ ಡಾ. ಅಶೋಕ್ ಪೈ 2016ರಲ್ಲಿ ತೀರಿಕೊಳ್ಳುವವರೆಗೂ ಬರೆದು, ಮಾತಾಡಿ, ಸಿನಿಮಾ ಮಾಡಿ, ಮನಸ್ಸಿನ ಕಾಯಿಲೆಯೂ ವಾಸಿಯಾಗುವ ಕಾಯಿಲೆಯೇ ಅಂತ ಜನಕ್ಕೆ ಹೇಳಿದರು. ನಮ್ಮ ಜಿಲ್ಲೆಯ ಜನ "ಹುಚ್ಚ" ಅನ್ನುವ ಮಾತನ್ನು ಬಿಡಲು ಇಂಥವರ ಕೆಲಸ ತುಂಬಾ ಸಹಾಯ ಮಾಡಿದೆ. ತರಬೇತಿಯ ಮೊದಲ ಅರ್ಧ ಗಂಟೆ ಆ ಒಂದು ಪದದ ಮೇಲೇ ಕಳೆದರೂ ಸರಿ.

ಇದರ ಲಾಭ ಏನೆಂದರೆ ಕಲಿಸಿದವರೇ ನಾಳೆ ರೋಗಿಯನ್ನೂ ನೋಡುತ್ತಾರೆ. ಕೇರ್‌ಟೇಕರ್‌ಗೆ ಆ ನರ್ಸ್ ಮುಖ ಗೊತ್ತು, ನರ್ಸ್‌ಗೆ ಕೇರ್‌ಟೇಕರ್ ಹೆಸರು ಗೊತ್ತು. ಓಪಿಡಿಯಲ್ಲಿ ಮೂರು ಗಂಟೆ ಕಾಯುವ ಕಷ್ಟ ಹೋಗದಿದ್ದರೂ, "ಇವರ ಜೊತೆ ಬಂದವರು ಯಾರು?" ಅನ್ನೋ ಪ್ರಶ್ನೆಗೆ ಉತ್ತರ ಕೊಡುವವರು ಇರುತ್ತಾರೆ. ತೊಡಕು ಏನೆಂದರೆ ವೈದ್ಯರು ವರ್ಗವಾಗುತ್ತಾರೆ, ತಾರೀಖು ಮುಂದೆ ಹೋಗುತ್ತದೆ, ಮಾತು ಕಾಯಿಲೆ ಮಾತ್ರೆಗಳ ಕಡೆಗೇ ವಾಲುತ್ತದೆ. ಮನೆಯಿಲ್ಲದವರೆಲ್ಲ ಮಾನಸಿಕ ರೋಗಿಗಳಲ್ಲ. ಜಗಳವಾಡಿ ಮನೆಬಿಟ್ಟವರು, ಕೂಲಿ ಸಿಗದವರು, ಮಕ್ಕಳು ಕೈಬಿಟ್ಟವರು ಬಹಳ ಜನ. ಅದನ್ನು ನೀವೇ ನೆನಪಿಸಬೇಕಾಗುತ್ತದೆ.

ಇದರ ಜೊತೆಗೇ ಒಂದು ಗಂಟೆ ಕಾನೂನಿಗೆ ಇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿದರೆ ವಕೀಲರನ್ನು ಕಳಿಸುತ್ತಾರೆ, ಶುಲ್ಕವಿಲ್ಲ. ಕೇರ್‌ಟೇಕರ್‌ಗೂ ಬೀಟ್ ಪೊಲೀಸರಿಗೂ ಒಟ್ಟಿಗೆ ಗೊತ್ತಿರಬೇಕಾದದ್ದು ಇದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಕಲಮಿನ ಪ್ರಕಾರ, ಮಾನಸಿಕ ಕಾಯಿಲೆಯಿಂದ ಅಲೆದಾಡುತ್ತಿರುವವರನ್ನು ಪೊಲೀಸರು ರಕ್ಷಣೆಗೆ ತೆಗೆದುಕೊಂಡರೆ 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಲಾಕಪ್‌ನಲ್ಲಿ ಇಡುವಂತಿಲ್ಲ. ಮನೆಯಿಲ್ಲದೆ ಅಲೆಯುತ್ತಿರುವವರಾದರೆ ಕಾಣೆಯಾದವರು ಅಂತ ಎಫ್‌ಐಆರ್ ದಾಖಲಿಸಿ ಮನೆಯವರನ್ನು ಹುಡುಕಬೇಕು. ಇನ್ನೊಂದು ಕಡೆ 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. ಅದರ ಅಡಿಯಲ್ಲಿ ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಕಳಿಸುತ್ತಾರೆ. ಅಲ್ಲಿಗೆ ಹೋಗುವ ಭಯದಿಂದಲೇ ಎಷ್ಟೋ ಜನ ನಮ್ಮನ್ನು ಕಂಡರೆ ಓಡುತ್ತಾರೆ. ಜೀಪು ಅಂದರೆ ಸಾಕು, ಮಳೆಯಲ್ಲೇ ಎದ್ದು ಹೋಗುತ್ತಾರೆ. ಈ ಭಯ ಎಲ್ಲಿಂದ ಬಂತು ಅಂತ ತಿಳಿದವರಿಗೆ ಮಾತ್ರ ಅವರ ಹತ್ತಿರ ಕೂರಲು ತಾಳ್ಮೆ ಬರುತ್ತದೆ.

ಕುಡಿತದ ವಿಷಯ ಬಂದಾಗ: ಮಾತಿನ ತರಬೇತಿ

ಬದಲಾಗಲು ಮನಸ್ಸು ಹುಟ್ಟಿಸುವ ಸಂಭಾಷಣೆ ಅಂತ ಒಂದು ಕ್ರಮ ಇದೆ. 1983ರಲ್ಲಿ ವಿಲಿಯಂ ಮಿಲ್ಲರ್ ಅನ್ನುವ ಮನಶ್ಶಾಸ್ತ್ರಜ್ಞರು ಕುಡಿತದ ಸಮಸ್ಯೆ ಇರುವವರ ಜೊತೆಗಿನ ಕೆಲಸದಿಂದ ಇದನ್ನು ಬರೆದರು. ಬುದ್ಧಿ ಹೇಳುವುದನ್ನು ಬಿಟ್ಟು, ಅವರ ಬಾಯಿಂದಲೇ ಅವರ ಕಾರಣ ಬರುವ ಹಾಗೆ ಕೇಳುವುದು ಇದರ ಜೀವ.

ನಮ್ಮ ಕಡೆ ಕುಡಿದು ಬಂದವರಿಗೆ ಬೀಳುವ ಮೊದಲ ಮಾತು "ಅದನ್ನ ಬಿಡು ಮಾರಾಯ, ಉದ್ಧಾರ ಆಗ್ತೀಯ". ಪ್ರೀತಿಯಿಂದಲೇ ಹೇಳುತ್ತೇವೆ. ಅವರು ಹೂಂ ಅಂದು ತಲೆ ತಗ್ಗಿಸುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಅದೇ "ಬೆಳಗ್ಗೆ ಕೈ ನಡುಗುವಾಗ ಏನು ಮಾಡ್ತೀರಿ?" ಅಂತ ಕೇಳಿದರೆ ಮಾತು ಶುರುವಾಗುತ್ತದೆ. ಆ ಉತ್ತರದಲ್ಲಿ ಜೀವ ಉಳಿಸುವ ವಿಷಯವೂ ಇರುತ್ತದೆ. ವರ್ಷಗಟ್ಟಲೆ ದಿನವೂ ಜಾಸ್ತಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಒಂದೆರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು-ಮೂರು ದಿನಕ್ಕೆ ದಿಕ್ಕು ತಪ್ಪಿ ಏನೇನೋ ಕಾಣಿಸಬಹುದು. ಪ್ರಾಣಕ್ಕೇ ಅಪಾಯ. ಕೇಂದ್ರಕ್ಕೆ ಸೇರಿದ ಮೇಲೆ "ಇಲ್ಲಿ ಕುಡಿಯುವಂತಿಲ್ಲ" ಅನ್ನೋ ನಿಯಮ ಹಾಕುವವರಿಗೆ ಇದು ಗೊತ್ತಿರಲೇಬೇಕು. ಕೈ ನಡುಕ, ಬೆವರು, ಗಾಬರಿ ಕಂಡರೆ 108ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಆದರೆ ಎರಡು ದಿನದ ಕಾರ್ಯಾಗಾರ ಮಾಡಿ ಬಿಟ್ಟರೆ ಈ ತರಬೇತಿ ನಿಲ್ಲುವುದಿಲ್ಲ. ಮಿಲ್ಲರ್ ಮತ್ತು ಜೊತೆಗಾರರೇ 2004ರಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಕಾರ್ಯಾಗಾರದ ನಂತರ ತಪ್ಪು ತಿದ್ದುವ, ಜೊತೆಗಿದ್ದು ಹೇಳಿಕೊಡುವ ವ್ಯವಸ್ಥೆ ಇದ್ದವರಲ್ಲೇ ಕಲಿತದ್ದು ಚೆನ್ನಾಗಿ ಉಳಿಯಿತು. ಹಾಗಾಗಿ ತಿಂಗಳಿಗೊಮ್ಮೆ ಬಂದು ಕೂರುವ ತರಬೇತುದಾರರು ಸಿಗುವ ತನಕ ಇದಕ್ಕೆ ಕೈ ಹಾಕಬೇಡಿ. ಸಿಕ್ಕರೆ ಇಬ್ಬರು-ಮೂವರನ್ನು ಆರಿಸಿ, ಎಲ್ಲರಿಗೂ ಬೇಡ.

ಹೋಗಿ ನೋಡಿ ಬರುವುದು

ಚೆನ್ನೈನ ಬ್ಯಾನಿಯನ್ ಸಂಸ್ಥೆ 1993ರಿಂದ ಮಾನಸಿಕ ಕಾಯಿಲೆ ಇರುವ, ಮನೆಯಿಲ್ಲದ ಹೆಣ್ಣುಮಕ್ಕಳ ಜೊತೆ ಕೆಲಸ ಮಾಡುತ್ತಿದೆ. ಕೋರ್ಸ್‌ಗಳನ್ನೂ ನಡೆಸುತ್ತದೆ. ಮಹಾರಾಷ್ಟ್ರದ ಕರ್ಜತ್‌ನಲ್ಲಿ ಡಾ. ಭರತ್ ವಾಟ್ವಾನಿಯವರ ಶ್ರದ್ಧಾ ಸಂಸ್ಥೆ ಬೀದಿಯಲ್ಲಿ ಸಿಕ್ಕವರಿಗೆ ಚಿಕಿತ್ಸೆ ಕೊಟ್ಟು ದೂರದೂರದ ಮನೆಗಳಿಗೆ ಮುಟ್ಟಿಸುತ್ತದೆ. ಆ ಕೆಲಸಕ್ಕೆ 2018ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಕೋಲ್ಕತ್ತದ ಈಶ್ವರ ಸಂಕಲ್ಪದ ಕ್ರಮ ನಮ್ಮಂಥ ಊರಿಗೆ ಹತ್ತಿರದ್ದು. ಅವರು ಬೀದಿಯ ಟೀ ಅಂಗಡಿಯವರನ್ನೇ ಆರೈಕೆ ಮಾಡುವವರನ್ನಾಗಿ ಮಾಡಿಕೊಂಡಿದ್ದಾರೆ. ದಿನವೂ ಕಾಣುವವರೇ ಊಟ, ಮಾತ್ರೆ ನೋಡಿಕೊಳ್ಳುತ್ತಾರೆ.

ಇಂಥ ಕಡೆ ಒಂದು ವಾರ ಇದ್ದು ಬಂದವರ ಕಣ್ಣೇ ಬದಲಾಗಿರುತ್ತದೆ. ಅದು ಯಾವ ತರಗತಿಯಲ್ಲೂ ಆಗುವುದಿಲ್ಲ. ಆದರೆ ಒಬ್ಬರನ್ನು ಕಳಿಸುವ ಖರ್ಚಿನಲ್ಲಿ ಇಲ್ಲಿ ಎರಡು ಒಂದು-ದಿನದ ತರಬೇತಿ ಆಗುತ್ತದೆ. ಹೋಗಿ ಬಂದವರು ಕೆಲಸ ಬಿಟ್ಟರೆ ಎಲ್ಲವೂ ಅವರ ಜೊತೆಗೇ ಹೋಯಿತು. ಕಳಿಸುವುದಾದರೆ ಇಬ್ಬರನ್ನು ಕಳಿಸಿ, ಅದರಲ್ಲಿ ಒಬ್ಬರು ಕೇರ್‌ಟೇಕರ್ ಆಗಿರಲಿ. ಯಾವಾಗಲೂ ಮೇಲ್ವಿಚಾರಕರೇ ಹೋಗುತ್ತಾರೆ, ಇದು ಸರಿಯಲ್ಲ. ಮೊದಲೇ ಪತ್ರ ಬರೆದು ಅನುಮತಿ ಕೇಳಿ, ಸುಮ್ನೆ ಹೋಗಿ ನಿಲ್ಲಬೇಡಿ. ಅಲ್ಲಿರುವವರಿಗೂ ಅದು ಮನೆ.

ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಬಗ್ಗೆಯೂ ಕೇಳಿದ್ದಾರೆ. ಎರಡು ವರ್ಷದ ಓದು. ಇದೇ ಬದುಕಿನ ಕೆಲಸ ಅಂತ ನಿರ್ಧರಿಸಿದ ಹುಡುಗ ಹುಡುಗಿಯರಿಗೆ ಖಂಡಿತ ಹೇಳುತ್ತೇನೆ, ಓದಿ. ಸಂಸ್ಥೆ ನಡೆಸುವವರಿಗೆ ಹೇಳುವುದು ಬೇರೆ. ಓದುತ್ತಿರುವ ವಿದ್ಯಾರ್ಥಿಗಳನ್ನು ಕ್ಷೇತ್ರಕಾರ್ಯಕ್ಕೆ ಕರೆಸಿಕೊಳ್ಳಿ. ಅವರ ಕಾಲೇಜಿನ ಮೇಷ್ಟ್ರು ಜೊತೆಗೆ ಬರುತ್ತಾರೆ, ನಿಮ್ಮವರಿಗೂ ಕಲಿಕೆಯಾಗುತ್ತದೆ.

ಸಿಮೆಂಟ್ ನೆಲದ ಹತ್ತು ನಿಮಿಷ

ನಾನು ಕಂಡ ಅತ್ಯುತ್ತಮ ತರಬೇತಿ ಕೊಟ್ಟವರು ನಾಲ್ಕು ವರ್ಷ ಬಸ್ ಸ್ಟ್ಯಾಂಡಿನಲ್ಲಿ ಮಲಗಿದ್ದವರು. ಈಗ ಬಾಡಿಗೆ ರೂಮಿನಲ್ಲಿದ್ದಾರೆ. ಅವರು ಬಂದವರು ಏನೂ ಭಾಷಣ ಮಾಡಲಿಲ್ಲ. ನಮ್ಮೆಲ್ಲರಿಗೂ ಚಪ್ಪಲಿ ಬಿಚ್ಚಿ, ಚಪ್ಪಲಿಯನ್ನೇ ತಲೆಯಡಿ ಇಟ್ಟುಕೊಂಡು ಬರೀ ಸಿಮೆಂಟ್ ನೆಲದ ಮೇಲೆ ಹತ್ತು ನಿಮಿಷ ಮಲಗಲು ಹೇಳಿದರು. ದೀಪ ಆರಿಸಿದರು. ಒಬ್ಬೊಬ್ಬರ ಮುಖದ ಮೇಲೂ ಟಾರ್ಚ್ ಬಿಟ್ಟು "ಯಾವೂರು?" ಅಂದರು. ಗಟ್ಟಿಯಾಗೇನೂ ಅಲ್ಲ. ನಾನು ಎಷ್ಟೋ ರಾತ್ರಿ ಕೇಳಿದ ಅದೇ ಧ್ವನಿಯಲ್ಲಿ. ಆವತ್ತಿನಿಂದ ನಾನು ಟಾರ್ಚನ್ನು ನನ್ನ ಪಾದದ ಕಡೆ ಹಿಡಿಯುತ್ತೇನೆ.

ಆಮೇಲೆ ಅವರು ಕಾಲಿನ ವಿಷಯ ಹೇಳಿದರು. ಮಳೆಗಾಲದಲ್ಲಿ ಹೊರಗಿರುವವರ ಬೆರಳಸಂದು ಕೊಳೆತು ಕೆಸರುಹುಣ್ಣಾಗುತ್ತದೆ. ಬಿಸಿನೀರಿನಲ್ಲಿ ಕಾಲು ತೊಳೆದು, ಒರೆಸಿ, ಮುಲಾಮು ಹಚ್ಚಲು ಕೂತರೆ ಇಪ್ಪತ್ತು ನಿಮಿಷ ಅವರ ಕೆಳಗೆ ಕೂತಿರುತ್ತೀರಿ, ಆಗ ಅವರಾಗಿಯೇ ಮಾತಾಡುತ್ತಾರೆ ಅಂದರು. ನಿಜ. ಹೆಸರು ಹೇಳದಿದ್ದ ಒಬ್ಬರು ನಮಗೆ ಊರಿನ ಹೆಸರು ಹೇಳಿದ್ದು ಹಾಗೆ ಕಾಲು ತೊಳೆಸಿಕೊಳ್ಳುವಾಗಲೇ.

ಯಾವ ತರಬೇತಿ ಆರಿಸಿದರೂ ಇಂಥ ಒಬ್ಬರನ್ನು ಕಲಿಸಲು ಕರೆಯಿರಿ. ಬೇರೆ ತರಬೇತುದಾರರಿಗೆ ಕೊಡುವಷ್ಟೇ ಗೌರವಧನ ಕೊಡಿ. ಅವರ ಕಣ್ಣೀರಿನ ಕಥೆ ಕೇಳಲು ಕೂರಬೇಡಿ, ಕೆಲಸ ಕಲಿಯಲು ಕೂರಿ.

ವಾರದ ಕೂಟ

ದುಡ್ಡೇ ಇಲ್ಲದವರಿಗೂ ಆಗುವ ಆಯ್ಕೆ ಇದು. ದುಡ್ಡಿದ್ದವರೂ ಬಿಡಬಾರದು. ವಾರಕ್ಕೊಮ್ಮೆ, ಪಾಳಿ ಬದಲಾಗುವ ಮಧ್ಯಾಹ್ನದ ಹೊತ್ತಿಗೆ, ಮುಕ್ಕಾಲು ಗಂಟೆ. ಒಬ್ಬರ ವಿಷಯ ಮಾತ್ರ ಎತ್ತಿಕೊಳ್ಳಿ. ಏನಾಯಿತು, ನಾವೇನು ಮಾಡಿದೆವು, ಮುಂದೇನು. ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹಳಬರು ಹೊಸಬರಿಗೆ ಕಲಿಸುವುದು ಇಲ್ಲೇ. ಕೇಂದ್ರದಲ್ಲಿ ಒಬ್ಬರು ತೀರಿಕೊಂಡಾಗ, ಹೆಣ ಕೇಳಲು ಯಾರೂ ಬರದಿದ್ದಾಗ, ಸ್ನಾನ ಮಾಡಿಸಿದ ಕೇರ್‌ಟೇಕರ್ ಅತ್ತು ಹಗುರಾಗುವುದೂ ಇಲ್ಲೇ. ಇದಿಲ್ಲದ ಕಡೆ ಒಳ್ಳೆಯ ಹುಡುಗರು ವರ್ಷ ತುಂಬುವುದರೊಳಗೆ ಬಿಟ್ಟು ಹೋಗಿದ್ದನ್ನು ನೋಡಿದ್ದೇನೆ. ಕೊರತೆ ಅಂದರೆ, ಹೊರಗಿನಿಂದ ಹೊಸ ತಿಳಿವಳಿಕೆ ಬರುವುದಿಲ್ಲ. ಗುಂಪಿನ ತಪ್ಪು ಅಭ್ಯಾಸವೇ ಗಟ್ಟಿಯಾಗಬಹುದು. ಅದಕ್ಕೇ ಎರಡು ತಿಂಗಳಿಗೊಮ್ಮೆ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನೋ ಕಾಲೇಜಿನ ಮೇಷ್ಟ್ರನ್ನೋ ಕೂರಿಸಿಕೊಳ್ಳಿ.

ಈಗ ಕೇಳಿದ ಮೂವರಿಗೆ

ಸಾಗರದ ಹುಡುಗರಿಗೆ: ನಿಮ್ಮ ಬಳಿ ಇರುವುದು ಐದಾರು ಸಾವಿರ, ವಾರಕ್ಕೊಂದು ರಾತ್ರಿ. ಒಂದು ದಿನದ ತರಬೇತಿ ಮಾಡಿ. ತಾಳಗುಪ್ಪ ಸ್ಟೇಷನ್ನಿನ ಸಿಬ್ಬಂದಿ, ಆಟೋದವರು, ಬಸ್ ಸ್ಟ್ಯಾಂಡಿನ ಟೀ ಅಂಗಡಿಯವರನ್ನೂ ಕರೆಯಿರಿ. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಹೋಗಿ ಮನೋವೈದ್ಯರ ಪರಿಚಯ ಮಾಡಿಕೊಳ್ಳಿ. ಅದಕ್ಕಿಂತ ದೊಡ್ಡ ಕೋರ್ಸ್ ಈಗ ಬೇಡ.

ಭದ್ರಾವತಿಯ ಗೆಳತಿಯರಿಗೆ: ನಿಮಗೆ ಜನರ ಜೊತೆ ಮಾತಾಡಲು ಆಗಲೇ ಬರುತ್ತದೆ. ನಿಮಗೆ ಬೇಕಾಗಿರುವುದು ಕಾನೂನು, ಆಸ್ಪತ್ರೆಯ ದಾರಿ, ಮತ್ತೆ ನಿಮ್ಮದೇ ಒಂದು ಕೂಟ. ನಿಮ್ಮಲ್ಲಿ ಇಬ್ಬರು ನರ್ಸ್ ಇದ್ದೀರಿ, ಅವರು ಆನ್‌ಲೈನ್ ಕೋರ್ಸ್ ಮಾಡಿ ಉಳಿದವರಿಗೆ ಹೇಳಿಕೊಡಲಿ. ಕುಡಿತದವರು ಜಾಸ್ತಿ ಬರುತ್ತಾರೆ ಅಂದಿರಿ. ಮಾತಿನ ತರಬೇತಿಗೆ ತಿಂಗಳಿಗೊಮ್ಮೆ ಬರುವವರು ಸಿಕ್ಕರೆ ಮುಂದಿನ ವರ್ಷ ಅದನ್ನು ಸೇರಿಸಿ.

ಆಶ್ರಯ ಕೇಂದ್ರದ ಮೇಲ್ವಿಚಾರಕರಿಗೆ: ನಿಮ್ಮದು ಹಗಲೂ ರಾತ್ರಿ ನಡೆಯುವ ಜಾಗ, ಹಾಗಾಗಿ ಒಂದು ಆಯ್ಕೆ ಸಾಲದು. ವಾರದ ಕೂಟ ಈ ಗುರುವಾರವೇ ಶುರುವಾಗಲಿ. ಒಂದು ದಿನದ ತರಬೇತಿಯನ್ನು ಎರಡು ಸಲ ಮಾಡಿ, ಅರ್ಧ ಜನ ಪಾಳಿಯಲ್ಲಿ, ಅರ್ಧ ಜನ ತರಬೇತಿಯಲ್ಲಿ. ರಾತ್ರಿ ಪಾಳಿಯವರಿಗೆ ಹಿಂದಿನ ರಾತ್ರಿ ರಜೆ ಕೊಡಿ, ಸಂಬಳ ಹಿಡಿಯಬೇಡಿ. ಪ್ರವಾಸಕ್ಕೆ ಅಂತ ಇಟ್ಟ ದುಡ್ಡನ್ನು ಆರು ತಿಂಗಳು ಮುಟ್ಟಬೇಡಿ, ಯಾರು ಉಳಿಯುತ್ತಾರೆ ನೋಡಿ ಆಮೇಲೆ ಕಳಿಸಿ.

ಮೂವರೂ ಬಾಗಿಲ ಹಿಂದೆ ಅಂಟಿಸಿಕೊಳ್ಳಬೇಕಾದ ನಂಬರ್‌ಗಳು: ತುರ್ತಿಗೆ 112, ಆಂಬುಲೆನ್ಸ್ 108, ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್ 14416, ಹಿರಿಯರಿಗೆ 14567, ಹೆಣ್ಣುಮಕ್ಕಳಿಗೆ 181, ಮಕ್ಕಳಿಗೆ 1098. ದೊಡ್ಡ ಅಕ್ಷರದಲ್ಲಿ ಬರೆಯಿರಿ, ರಾತ್ರಿ ಕನ್ನಡಕ ಇಲ್ಲದೆಯೂ ಕಾಣಬೇಕು.

ಜೂನ್ ಮೊದಲ ವಾರಕ್ಕೆ ಮಳೆ ಹಿಡಿಯುತ್ತದೆ. ಆಮೇಲೆ ಯಾರಿಗೂ ಬಿಡುವಿರುವುದಿಲ್ಲ, ಮೇ ತಿಂಗಳೊಳಗೇ ದಿನ ಗೊತ್ತು ಮಾಡಿ. ಸಿಮೆಂಟ್ ನೆಲದ ಮೇಲೆ ಮಲಗಿಸಿದವರನ್ನು ಕರೆಯಬೇಕು ಅಂದರೆ ನನಗೆ ಒಂದು ವಾರ ಮುಂಚೆ ತಾರೀಖು ಹೇಳಿ. ಅವರು ಈಗ ಗ್ಯಾರೇಜಿಗೆ ಕೆಲಸಕ್ಕೆ ಹೋಗುತ್ತಾರೆ, ರಜೆ ಕೇಳಿಕೊಳ್ಳಬೇಕು.